ಒಂದು ಪಾವು ಮಂಡಕ್ಕಿ

ನಮ್ಮ ಮನೆಯಲ್ಲಿ ತೂಕ ಗಿರಣಿಗೆ ಸೇರಿದ್ದು, ಅಳತೆ ಅಡುಗೆಮನೆಗೆ ಸೇರಿದ್ದು. ಶಿಕಾರಿಪುರದ ಆ ಮನೆಯ ಮುಂಭಾಗದಲ್ಲಿ ಅಪ್ಪನ ಹಿಟ್ಟಿನ ಗಿರಣಿ, ಹಿಂದೆ ನಾವು. ನಡುವೆ ಒಂದೇ ಗೋಡೆ. ಯಂತ್ರ ತಿರುಗುವಾಗ ಆ ಗೋಡೆಗೆ ಬೆನ್ನು ಕೊಟ್ಟು ಕೂತರೆ ಹಲ್ಲುಗಳು ಗಡಗಡ ಅನ್ನುತ್ತಿದ್ದವು. ಹಿಟ್ಟಿನ ಧೂಳು ಎಲ್ಲಿ ಬೇಕಾದರೂ ಇರುತ್ತಿತ್ತು: ದೇವರ ಜಗುಲಿಯ ಮೇಲೆ, ನನ್ನ ಪಾಟಿಚೀಲದೊಳಗೆ, ಅಪ್ಪನ ರೆಪ್ಪೆಗಳ ಮೇಲೆ. ಗಿರಣಿಯ ಸದ್ದಿಗೆ ನಾವೆಲ್ಲ ಕೂಗಿಯೇ ಮಾತಾಡುವವರು. ಕರೆಂಟು ಹೋಗಿ ಯಂತ್ರ ತಟ್ಟನೆ ನಿಂತಾಗ, ಅವ್ವನೋ ಅಜ್ಜಿಯೋ ಅರ್ಧ ಮಾತಿನಲ್ಲಿ ಕೂಗುತ್ತಿರುವುದು ಇಡೀ ಓಣಿಗೆ ಕೇಳಿಬಿಡುತ್ತಿತ್ತು. ನಮ್ಮ ಮನೆಯ ಜಗಳಗಳು ಊರಿಗೆ ಗೊತ್ತಾದದ್ದು ಹೀಗೆ, ಕರೆಂಟಿನ ದೆಸೆಯಿಂದ.

ಗಿರಣಿಯಲ್ಲಿ ಚೀಲ ತೂಗುವ ದೊಡ್ಡ ತಕ್ಕಡಿ ಇತ್ತು. ಅಡುಗೆಮನೆಯಲ್ಲಿ ಸೇರು, ಅಚ್ಚೇರು, ಪಾವು, ಚಟಾಕು ಒಂದರ ಹೊಟ್ಟೆಯಲ್ಲೊಂದು ಕೂತು ಗೂಡಿನಲ್ಲಿರುತ್ತಿದ್ದವು. ಅವು ಅಜ್ಜಿಯವು. ಬಸಮ್ಮಜ್ಜಿ, ಅಪ್ಪನ ತಾಯಿ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ಅಕ್ಕಿ ಅಳೆಯುತ್ತಿದ್ದಳು. ಮೊದಲ ಪಾವಿಗೆ ‘ಒಂದು’ ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದಳು. ಆಮೇಲೆ ಎರಡು, ಮೂರು. ಕೊನೆಗೆ ಯಾರ ಪಾಲಿಗೂ ಅಲ್ಲದ ಒಂದು ಹಿಡಿ ಮೇಲೆ ಹಾಕುತ್ತಿದ್ದಳು. ಅಳೆದ ಕೈಯೇ ಅಳತೆ ಮೀರಿ ಕೊಡಬೇಕು, ಇಲ್ಲದಿದ್ದರೆ ಅದು ಮನೆಯಲ್ಲ ಅಂಗಡಿ ಎಂದು ಅವಳ ನಂಬಿಕೆ. ಸೊರಬದಿಂದ ಮದುವೆಯಾಗಿ ಬಂದ ನನ್ನವ್ವ ಗಿರಿಜೆಗೆ ಆ ಪಾವು ಮುಟ್ಟಲು ಅನುಮತಿ ಸಿಕ್ಕಿದ್ದು ನಾನು ಹುಟ್ಟಿದ ಮೇಲೆ. ಅಲ್ಲಿಯವರೆಗೆ ಅವಳದು ಒಲೆ ಊದುವುದು, ರೊಟ್ಟಿ ಬಡಿಯಲು ಕಲಿಯುವುದು, ಮಾತು ಮಾತಿಗೆ ‘ಎಂತ’ ಅನ್ನುತ್ತಾಳೆಂದು ನಗೆಗೀಡಾಗುವುದು.

ತಂಗಿ ಸುಮಾ ಎರಡನೇ ತರಗತಿಯಲ್ಲಿದ್ದಾಗ ನೀರು ಕುಡಿಯತೊಡಗಿದಳು. ತಂಬಿಗೆಗಟ್ಟಲೆ ಕುಡಿದು ಮತ್ತೆ ಬಾಯಿ ಒಣಗಿತು ಅನ್ನುವಳು. ತಟ್ಟೆ ತುಂಬ ಉಂಡರೂ ಸೊರಗಿದಳು. ಲಂಗದ ದಾರವನ್ನು ಅವ್ವ ದಿನದಿನಕ್ಕೆ ಬಿಗಿ ಮಾಡುತ್ತಿದ್ದಳು. ಮೊದಲು ಗಮನಿಸಿದವಳು ಅಜ್ಜಿಯೇ.

“ಅಲ್ಲವ್ವಾ ಗಿರಿಜಾ, ಕೂಸು ಕೂತೆದ್ದ ಕಡೆ ಬಚ್ಚಲದಾಗೆ ಇರುವೆ ಯಾಕೆ ಮುತ್ತಾಕತ್ತಾವು?”

ಆ ವಾರವೇ ಸುಮಾ ಎಚ್ಚರ ತಪ್ಪಿ, ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಬೇಕಾಯಿತು. ಚಿಕ್ಕ ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆಂದು ನಮ್ಮ ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಬಿಡುಗಡೆಯ ದಿನ ಡಾಕ್ಟರಮ್ಮ ಅಪ್ಪ, ಅವ್ವ, ಅಜ್ಜಿಯನ್ನು ಕೂರಿಸಿಕೊಂಡು, ಬದುಕಿರುವವರೆಗೂ ದಿನಾ ಇನ್ಸುಲಿನ್ ಚುಚ್ಚಬೇಕು ಎಂದು ಹೇಳಿದರು. ನಾನು ಸುಮಾಳ ಮಂಚದ ತುದಿಯಲ್ಲಿ ಕೂತಿದ್ದೆ.

“ಒಂದು ಹೊತ್ತಿಗೆ ಎಷ್ಟು ಅನ್ನ ಕೊಡ್ತೀರಿ?”

“ಹೊಟ್ಟೆ ತುಂಬ ಕೊಡ್ತೀವ್ರಿ,” ಅಂದಳು ಅಜ್ಜಿ.

“ಹಾಗಲ್ಲ ಅಜ್ಜಿ, ಎಷ್ಟು ಗ್ರಾಂ? ಸೂಜಿ ಎಷ್ಟೋ ಊಟ ಅಷ್ಟಕ್ಕೆ ಸರಿಯಾಗಿರಬೇಕು. ಊಟ ಹೆಚ್ಚಾದರೆ ಸಕ್ಕರೆ ಏರುತ್ತೆ, ಕಡಿಮೆಯಾದರೆ ಇಳಿಯುತ್ತೆ. ಏರಿದರೆ ನಾವು ಏನಾದರೂ ಮಾಡಬಹುದು. ಇಳಿದರೆ ಟೈಮ್ ಇರಲ್ಲ. ಮೈ ಬೆವರಿದರೆ, ಮಾತು ತೊದಲಿದರೆ ಮೊದಲು ಬಾಯಿಗೆ ಸಕ್ಕರೆ ಹಾಕಿ.”

ಆ ಮಾತಿನ ಮೊದಲರ್ಧವನ್ನು ಎಲ್ಲರೂ ಮನೆಗೆ ತಂದರು. ಎರಡನೆಯ ಅರ್ಧ ಅವ್ವನ ಜೊತೆ ಮಾತ್ರ ಬಂತು, ಸ್ವಲ್ಪ ಅಪ್ಪನ ಜೊತೆ. ಸಕ್ಕರೆ ಕಾಯಿಲೆಯ ಮಗುವಿಗೆ ಸಕ್ಕರೆಯೇ ಔಷಧಿ ಎಂಬುದು ಅಜ್ಜಿಯ ತಲೆಯಲ್ಲಿ ನಿಲ್ಲಲಿಲ್ಲ. ಡಾಕ್ಟರಮ್ಮ ಬಾಯಿ ತಪ್ಪಿ ಹೇಳಿರಬೇಕು ಎಂದುಕೊಂಡಳೋ ಏನೋ.

ಮನೆಗೆ ಬಂದ ಮೇಲೆ ಅಡುಗೆಮನೆ ಬೇರೆಯಾಯಿತು. ಫ್ರಿಜ್ ಇರಲಿಲ್ಲ, ಇನ್ಸುಲಿನ್ ಸೀಸೆಯನ್ನು ಡಬ್ಬಿಯಲ್ಲಿಟ್ಟು, ಮಡಕೆಯ ಒದ್ದೆ ಮರಳಿನಲ್ಲಿ ಹುಗಿದು ದೇವರ ಕೋಣೆಯ ತಂಪಿನಲ್ಲಿ ಇಡುತ್ತಿದ್ದೆವು. ಅಪ್ಪ ಯಾವುದೋ ಕಿರಾಣಿ ಅಂಗಡಿಯಿಂದ ಹಳೆಯ ಸಣ್ಣ ತಕ್ಕಡಿ, ತೂಕಕ್ಕಿಡುವ ಹಿತ್ತಾಳೆಯ ಬೊಟ್ಟುಗಳನ್ನು ತಂದ. ಅವ್ವ ಹಗಲೆಲ್ಲ ಅದರ ಮುಂದೆ ಕೂತಳು. ಒಂದು ಪಾವು ಅಕ್ಕಿ ಸುರಿದು ತೂಗುವಳು. ಅದೇ ಪಾವಿನಲ್ಲಿ ಜೋಳದ ಹಿಟ್ಟು ತುಂಬಿ ತೂಗುವಳು. ಅಕ್ಕಿಯ ತೂಕಕ್ಕೆ ಬರುತ್ತಿರಲಿಲ್ಲ. ಗಿರಣಿಯಿಂದ ಬಿಸಿಬಿಸಿ ಬಂದ ಹಿಟ್ಟು ಪಾವಿನಲ್ಲಿ ಹತ್ತಿಯಂತೆ ನಿಲ್ಲುತ್ತಿತ್ತು. ಮರುದಿನ ಡಬ್ಬಿಯಲ್ಲಿ ಕುಳಿತ ಹಿಟ್ಟು ಅದೇ ಪಾವಿನಲ್ಲಿ ಹೆಚ್ಚು ತೂಗುತ್ತಿತ್ತು. ಪಾವನ್ನು ಒಂದು ಸಲ ನೆಲಕ್ಕೆ ಕುಟ್ಟಿದರೆ ಇನ್ನೂ ಹೆಚ್ಚು. ಮೊದಮೊದಲು ಅವ್ವ ಬೊಟ್ಟುಗಳೇ ಕೆಟ್ಟಿವೆ ಅಂದುಕೊಂಡಳು. ಆಮೇಲೆ ಅವಳಿಗೆ ಹೆದರಿಕೆಯಾಯಿತು. ಅಲ್ಲಿಯವರೆಗೆ ಕಣ್ಣು ಮುಚ್ಚಿ ನಂಬಿದ್ದ ಪಾತ್ರೆ ದಿನಕ್ಕೊಂದು ಮಾತಾಡುತ್ತಿತ್ತು.

“ಎಂತ ಮಾಡಲಿ ಈಗ? ಇದನ್ನ ನಂಬಿ ಕೂಸಿಗೆ ಹೆಂಗೆ ಉಣ್ಣಿಸಲಿ?” ಎಂದು ಅಪ್ಪನನ್ನು ಕೇಳಿದಳು.

ಅಜ್ಜಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

“ಹೆಣ್ಣು ಕೂಸಿಗೆ ಬಂಗಾರ ತೂಗಬೇಕವ್ವಾ. ಅನ್ನ ತೂಗ್ತಾರೇನು? ಉಣ್ಣೋ ಅನ್ನ ತೂಗಿದ ಮನೆ ಏಳಿಗೆ ಆಗಂಗಿಲ್ಲ.”

ಅವ್ವನ ಉತ್ತರವೆಂದರೆ ಇನ್ನೊಂದು ಬೊಟ್ಟು ಎತ್ತಿ ತಟ್ಟೆಗೆ ಹಾಕುವುದು. ಅದರ ಟಣ್ ಎಂಬ ಸದ್ದಿಗೆ ಅಜ್ಜಿ ಮುಖ ತಿರುಗಿಸಿ ಹೋಗುತ್ತಿದ್ದಳು. ಒಂದೇ ಒಲೆಯ ಮುಂದೆ ಎರಡು ಅಡುಗೆ ಶುರುವಾದವು: ನಮಗೆ ಅಜ್ಜಿಯ ಕೈಯಳತೆಯದು, ಸುಮಾಳಿಗೆ ಅವ್ವನ ತೂಕದ್ದು. ಸುಮಾ ತನ್ನ ತಟ್ಟೆಯನ್ನು ನೋಡಿ, ನನ್ನ ತಟ್ಟೆಯನ್ನು ನೋಡಿ ಸುಮ್ಮನೆ ಉಣ್ಣುತ್ತಿದ್ದಳು. ಹಸಿವಾದಾಗ ಅವಳು ಹೋಗುತ್ತಿದ್ದದ್ದು ಅಜ್ಜಿಯ ಹತ್ತಿರ. ಅಜ್ಜಿಯ ಸೆರಗಿನ ಗಂಟಿನಲ್ಲಿ ಒಂದು ಚೂರು ಬೆಲ್ಲವಾದರೂ ಇರುತ್ತಿತ್ತು.

ಆ ಯುಗಾದಿಗೆ ಅಜ್ಜಿ ಹಿತ್ತಲಲ್ಲಿ ಕೂರಿಸಿಕೊಂಡು ಸುಮಾಳಿಗೆ ಹೋಳಿಗೆ ತಿನ್ನಿಸಿದಳು. ಹಬ್ಬದ ದಿನ ಮನೆಯವರೆಲ್ಲ ಉಣ್ಣುವಾಗ ಆ ಮಗು ಬರೀ ಅನ್ನ ಸಾರು ಉಂಡಿದ್ದು ಅವಳಿಂದ ನೋಡಲಾಗಿರಲಿಲ್ಲ. ಮರುದಿನ ಸುಮಾ ವಾಂತಿ ಮಾಡಿಕೊಂಡು ಮತ್ತೆ ಶಿವಮೊಗ್ಗ ಸೇರಿದಳು. ವಾಪಸು ಬಂದ ದಿನ ಅವ್ವ ಸುಮಾಳನ್ನು ಎತ್ತಿ ತಂದು ಅಜ್ಜಿಯ ಮುಂದೆ ನಿಲ್ಲಿಸಿದಳು. ಅತ್ತೆಗೆ ಎಂದೂ ಎದುರು ಮಾತಾಡದವಳು ಅಂದು ಮಾತಾಡಿದಳು.

“ಅತ್ತೆ, ಇದರ ತಲೆ ಮ್ಯಾಲೆ ಕೈ ಇಡ್ರಿ. ನಾನು ಹೇಳಿದ ಅಳತೆ ಮೀರಿ ಒಂದು ಕಾಳು ಕೊಡಂಗಿಲ್ಲ ಅಂತ ಆಣೆ ಮಾಡ್ರಿ. ಅತ್ತರೂ ಕೊಡಂಗಿಲ್ಲ, ಬೇಡಿದ್ರೂ ಕೊಡಂಗಿಲ್ಲ ಅನ್ರಿ.”

“ನಾ ಕೊಲ್ಲಾಕೆ ಕೊಟ್ನೇನವ್ವಾ?”

“ಕೈ ಇಡ್ರಿ.”

ಅಜ್ಜಿ ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡುತ್ತಿದ್ದ. ಅವಳು ಮಲ್ಲಿಕಾರ್ಜುನನ ಹೆಸರು ಹೇಳಿ ಸುಮಾಳ ತಲೆಯ ಮೇಲೆ ಕೈಯಿಟ್ಟಳು. ತೊಗರ್ಸಿಯ ಮಲ್ಲಿಕಾರ್ಜುನ ಅವಳ ಮನೆದೇವರು. ಆ ಹೆಸರಿನ ಮೇಲೆ ಅವಳು ಸುಳ್ಳು ಆಣೆ ಮಾಡುವವಳಲ್ಲ.

ಆಣೆಯ ನಂತರ ಮನೆಯಲ್ಲಿ ಒಂದು ಬಗೆಯ ಶಾಂತಿ ನೆಲೆಸಿತು. ಅಜ್ಜಿಗೆ ಬೊಟ್ಟುಗಳ ಮೇಲಿನ ಅಂಕಿ ಕಾಣುತ್ತಿರಲಿಲ್ಲ, ತಕ್ಕಡಿ ಮುಟ್ಟಲು ಮನಸ್ಸೂ ಇರಲಿಲ್ಲ. ಹಾಗಾಗಿ ಅವ್ವ ತಾನು ತೂಗಿ ಕಂಡುಕೊಂಡದ್ದನ್ನು ಅಜ್ಜಿಗಾಗಿ ಮತ್ತೆ ಪಾವಿನ ಭಾಷೆಗೆ ತಂದಳು. ಮಧ್ಯಾಹ್ನದ ಅನ್ನಕ್ಕೆ ಅಕ್ಕಿ ಇಷ್ಟು, ರೊಟ್ಟಿಗೆ ಕುಳಿತ ಹಿಟ್ಟು ಇಷ್ಟು, ಬೆಳಗಿನ ಅವಲಕ್ಕಿ ಒಂದು ಪಾವು, ಮೇಲೆ ಕೈಯಿಂದ ಸವರಿ. ಅಜ್ಜಿ ಅದನ್ನು ಮಂತ್ರದಂತೆ ಬಾಯಿಪಾಠ ಮಾಡಿದಳು. ಪಾವು ಸವರುವಾಗ ಒಂದು ಕಾಳು ಮೇಲೆ ಉಳಿದರೂ ತೆಗೆದು ಡಬ್ಬಿಗೆ ಹಾಕುತ್ತಿದ್ದಳು. ಮೇಲೊಂದು ಹಿಡಿ ಹಾಕುವ ಅವಳ ಕೈ ಸುಮಾಳ ಅಡುಗೆಯಲ್ಲಿ ಸಂಪೂರ್ಣ ನಿಂತುಹೋಯಿತು. ಅವ್ವನಿಗೆ ಇದರಿಂದ ಸಮಾಧಾನವಾಯಿತು. ಅತ್ತೆ ಕಲಿತರು ಎಂದು ಒಂದು ಸಲ ಅಪ್ಪನ ಮುಂದೆ ಹೇಳಿದ್ದೂ ಉಂಟು.

ಮಳೆಗಾಲ ಮುಗಿಯುವ ಹೊತ್ತಿಗೆ ಸೊರಬದಿಂದ ಸುದ್ದಿ ಬಂತು. ಅವ್ವನ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. ಸುಮಾಳಿಗೆ ಕಾಯಿಲೆ ಬಂದ ಮೇಲೆ ಅವ್ವ ಒಂದು ದಿನವೂ ಮನೆ ಬಿಟ್ಟಿರಲಿಲ್ಲ. ಹೋಗಲೋ ಬೇಡವೋ ಎಂದು ಅವಳು ಹೊಸ್ತಿಲಲ್ಲಿ ಹೊಯ್ದಾಡುತ್ತಿದ್ದಾಗ ಹೋಗು ಅಂದವಳು ಅಜ್ಜಿಯೇ.

“ಹೆತ್ತಾಕೆ ನೆಲಕ್ಕೆ ಬಿದ್ದಾಳೆ, ಹೋಗಿ ಬಾರವ್ವಾ. ಸೂಜಿ ನನ್ನ ಮಗ ಚುಚ್ತಾನೆ, ಊಟ ನಾ ನೋಡ್ಕಂತೀನಿ. ಆಣೆ ಮಾಡೀನಲ್ಲ.”

ಅವ್ವ ಅಜ್ಜಿಯ ಬಾಯಿಂದ ಎಲ್ಲ ಅಳತೆಗಳನ್ನೂ ಇನ್ನೊಮ್ಮೆ ಒಪ್ಪಿಸಿಕೊಂಡು ಸೊರಬದ ಬಸ್ಸು ಹತ್ತಿದಳು.

ಮರುದಿನ ಭಾನುವಾರ. ಬೆಳಿಗ್ಗೆ ಅಪ್ಪ ಸುಮಾಳಿಗೆ ಸೂಜಿ ಚುಚ್ಚಿದ. ಅಷ್ಟರಲ್ಲಿ ಕರೆಂಟು ಬಂತು. ಗಿರಣಿಯ ಮುಂದೆ ಡಬ್ಬಿ, ಬುಟ್ಟಿಗಳ ಸಾಲು, ಅವನು ಓಡಿದ. ಅಜ್ಜಿ ಅವಲಕ್ಕಿ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆಲ್ಲ ಹುಳು, ಬಲೆ ಬಲೆಯಾಗಿತ್ತು. ಕೈಯಲ್ಲಿ ಕೆದಕಿ ನೋಡಿ, ಥೂ ಎಂದು ಹಿತ್ತಲಿಗೆ ಚೆಲ್ಲಿದಳು. ಮಗುವಿಗೆ ಸೂಜಿ ಆಗಿದೆ, ತಡ ಮಾಡಬಾರದು ಎಂಬುದು ಅವಳಿಗೆ ಗೊತ್ತಿತ್ತು. ಗೂಡಿನಲ್ಲಿ ಸಂತೆಯಿಂದ ತಂದ ಮಂಡಕ್ಕಿ ಚೀಲವಿತ್ತು.

“ಅದೂ ಅಕ್ಕೀದೆ, ಇದೂ ಅಕ್ಕೀದೆ,” ಅಂದಳು, ನನಗೋ ತನಗೋ.

ಪಾವು ತುಂಬಿ, ಮೇಲೆ ಸವರಿ, ಮಂಡಕ್ಕಿಯನ್ನು ನೀರಿಗೆ ಹಾಕಿ ಹಿಂಡಿದಳು. ಹಿಂಡಿದಾಗ ಅದು ಅವಳ ಮುಷ್ಟಿಯೊಳಗೇ ಅಡಗಿಹೋಯಿತು. ಒಗ್ಗರಣೆ ಕೊಟ್ಟು ತಟ್ಟೆಗೆ ಹಾಕಿದರೆ ತಟ್ಟೆಯ ಬಿಳುಪೇ ಹೆಚ್ಚು ಕಾಣುತ್ತಿತ್ತು. ನನಗೆ ಬೇರೆಯಾಗಿ ದೊಡ್ಡ ತಟ್ಟೆ ತುಂಬ ಮಾಡಿದ್ದಳು. ಸುಮಾ ನಾಲ್ಕು ತುತ್ತಿಗೇ ಮುಗಿಸಿ ಬೆರಳು ನೆಕ್ಕಿದಳು.

“ಇನ್ನಷ್ಟು ಕೊಡಜ್ಜಿ.”

“ಬ್ಯಾಡ ನನ್ನವ್ವಾ. ನಿಮ್ಮವ್ವ ಹೇಳಿದ್ದು ಒಂದೇ ಪಾವು.”

“ಹಸಿವಾಗತೈತಜ್ಜಿ.”

ಅಜ್ಜಿ ಎದ್ದು ಹೋಗಿ ಮಂಡಕ್ಕಿ ಚೀಲವನ್ನು ಮೇಲಿನ ಅಟ್ಟಕ್ಕೆ ಇಟ್ಟು ಬಂದಳು. ಸುಮಾಳ ಕೈಗೆ ಮಾತ್ರವಲ್ಲ, ತನ್ನ ಕೈಗೂ ಸುಲಭಕ್ಕೆ ಸಿಗದ ಕಡೆ. ಬರುವಾಗ ಕಣ್ಣು ಒರೆಸಿಕೊಂಡಳು. ಒಗ್ಗರಣೆಯ ಮೆಣಸಿನಕಾಯಿ ಘಾಟು ಎಂದು ನಾನು ತಿಳಿದೆ.

ಸ್ವಲ್ಪ ಹೊತ್ತಿಗೆ ಸುಮಾ ಹಿತ್ತಲ ಕಟ್ಟೆಯ ಮೇಲೆ ಕೂತು ಸುಮ್ಮಸುಮ್ಮನೆ ನಗತೊಡಗಿದಳು. ನನ್ನ ಹೆಸರು ಕರೆಯಲು ಹೋಗಿ ಬೇರೆ ಯಾವುದೋ ಹೆಸರು ಕರೆದಳು. ಅವಳ ಲಂಗ ಬೆವರಿನಿಂದ ಕಾಲಿಗೆ ಅಂಟಿಕೊಂಡಿತ್ತು. ಆಮೇಲೆ ಪಕ್ಕಕ್ಕೆ ವಾಲಿ, ಕೈಕಾಲು ಸೆಟೆದು ಒದ್ದಾಡಿದಳು. ಅಜ್ಜಿ ಅಪ್ಪನ ಹೆಸರು ಹಿಡಿದು ಕೂಗಿದಳು. ಗಿರಣಿ ಓಡುತ್ತಿತ್ತು, ಯಾರಿಗೂ ಕೇಳಲಿಲ್ಲ. ಪಕ್ಕದ ಮನೆಯ ಹೆಂಗಸು ಬೇಲಿ ದಾಟಿ ಓಡಿಬಂದಳು. ಪಿಡಸು ಬಂದೈತೆ ಎಂದು, ಮೂರ್ಛೆರೋಗಕ್ಕೆ ಮಾಡುವಂತೆ, ಸುಮಾಳ ಅಂಗೈಗೆ ಕಬ್ಬಿಣದ ಬೀಗದಕೈ ಒತ್ತಿದಳು. ನಾನು ಗಿರಣಿಗೆ ಓಡಿ ಅಪ್ಪನ ಅಂಗಿ ಹಿಡಿದು ಎಳೆದೆ. ಅಪ್ಪ ಒಂದು ಸಲ ನೋಡಿದವನೇ ಸಕ್ಕರೆ ಡಬ್ಬಿಗೆ ಕೈ ಹಾಕಿದ.

“ಸಕ್ಕರೆ ಬ್ಯಾಡ್ರೀ! ಸಕ್ಕರೆ ಕಾಯಿಲೆ ಕೂಸಿಗೆ ಯಾರಾದ್ರೂ ಸಕ್ಕರೆ ಹಾಕ್ತಾರೇನ್ರೀ!” ಎಂದು ಆ ಹೆಂಗಸು ಅವನ ಕೈ ಹಿಡಿದಳು. ಅಜ್ಜಿಯೂ ಅವನ ಮುಂದೆ ಅಡ್ಡ ನಿಂತಳು.

ಅಪ್ಪ ಇಬ್ಬರನ್ನೂ ನೂಕಿದ. ಅಷ್ಟರಲ್ಲಿ ಸುಮಾಳ ಹಲ್ಲು ಕಚ್ಚಿಕೊಂಡಿದ್ದವು. ತುಟಿಗೆ ಸವರಿದ ಸಕ್ಕರೆ ಜೊಲ್ಲಿನ ಜೊತೆ ಹೊರಗೇ ಹರಿಯಿತು. ಹಿಟ್ಟು ಮೆತ್ತಿದ ಕೈಗಳಲ್ಲೇ ಅವಳನ್ನು ಎತ್ತಿಕೊಂಡು ರಸ್ತೆಗೆ ಓಡಿದ. ಊರಿನ ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದರು, ಅಲ್ಲಿಂದ ಶಿವಮೊಗ್ಗಕ್ಕೆ ಕಳಿಸಿದರು. ಸಂಜೆ ಅವ್ವ ಸೊರಬದಿಂದ ನೇರವಾಗಿ ಅಲ್ಲಿಗೇ ಬಂದಳು. ಚಪ್ಪಲಿ ಎಲ್ಲಿ ಕಳೆದುಕೊಂಡಿದ್ದಳೋ, ಬರಿಗಾಲು.

ಡಾಕ್ಟರಮ್ಮ ಹೊರಗೆ ಬಂದು, ಬೆಳಿಗ್ಗೆ ಮಗು ಏನು ತಿಂದಿತ್ತು ಎಂದು ಕೇಳಿದರು. ಅಜ್ಜಿ ಬೆಂಚಿನಿಂದ ಎದ್ದು ನಿಂತಳು. ತನ್ನ ಕಡೆಯಿಂದ ತಪ್ಪಾಗಿಲ್ಲ ಎಂಬ ಧೈರ್ಯ ಅವಳ ದನಿಯಲ್ಲಿತ್ತು.

“ಅಳದೇ ಕೊಟ್ಟೀನ್ರೀ. ಒಂದು ಪಾವು ಮಂಡಕ್ಕಿ, ಸವರಿ. ಕೂಸು ಇನ್ನೂ ಬೇಕಂತು. ಒಂದು ಕಾಳು ಮೇಲೆ ಹಾಕಿಲ್ರೀ.”

ಅವ್ವ ಅಜ್ಜಿಯನ್ನು ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅವಳು ಗೋಡೆಗೆ ಒರಗಿ ಹಾಗೇ ಕೆಳಗೆ ಜಾರಿ ಕೂತಳು.

ಸುಮಾ ಬದುಕಿದಳು. ಎಚ್ಚರವಾಗಲು ಬಹಳ ದಿನ ಹಿಡಿಯಿತು. ಎಚ್ಚರವಾದವಳು ನಾವು ಆಸ್ಪತ್ರೆಗೆ ಸೇರಿಸಿದ ಸುಮಾ ಆಗಿರಲಿಲ್ಲ. ಬಲಗೈ ಎದೆಗೆ ಮಡಚಿಕೊಂಡಿತ್ತು. ಮಗ್ಗಿ ಹೇಳುತ್ತಿದ್ದ ಬಾಯಿಗೆ ಕೆಲವೇ ಮಾತು ಉಳಿದಿದ್ದವು, ಅವೂ ಅರ್ಧರ್ಧ. ಮೆದುಳಿಗೆ ಸಕ್ಕರೆ ಸಿಗದೆ ಅದರ ಒಂದು ಭಾಗ ಸತ್ತಿದೆ, ಅದು ಮರಳಿ ಬರುವುದಿಲ್ಲ ಎಂದು ಡಾಕ್ಟರಮ್ಮ ಅಪ್ಪನಿಗೆ ಹೇಳಿದರು. ಅಪ್ಪ ಅದನ್ನು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಬರಲಿಲ್ಲ.

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅವ್ವ ತಕ್ಕಡಿಯನ್ನು ನಡುಮನೆಗೆ ತಂದಳು. ಅಜ್ಜಿಯನ್ನು ಕರೆದು ಮುಂದೆ ಕೂರಿಸಿದಳು. ಹೊಸ ಅವಲಕ್ಕಿ ಒಂದು ಪಾವು ಸವರಿ ಒಂದು ತಟ್ಟೆಗೆ ಸುರಿದಳು. ಮಂಡಕ್ಕಿ ಒಂದು ಪಾವು ಸವರಿ ಇನ್ನೊಂದಕ್ಕೆ. ಅವಲಕ್ಕಿಯ ತಟ್ಟೆ ಅಲುಗದೆ ಕೂತಿತ್ತು. ಮಂಡಕ್ಕಿಯ ತಟ್ಟೆ ಏನೂ ಹಾಕಿಯೇ ಇಲ್ಲವೆಂಬಂತೆ ಮೇಲೆ ತೂಗಾಡಿತು. ಅವ್ವ ಅದಕ್ಕೆ ಇನ್ನೊಂದು ಪಾವು ಸುರಿದಳು. ಮತ್ತೊಂದು. ಮಂಡಕ್ಕಿ ತಟ್ಟೆಯಿಂದ ಚೆಲ್ಲಿ ನೆಲದ ಮೇಲೆಲ್ಲ ಹರಡಿತು, ತಕ್ಕಡಿ ಆಗಲೂ ಸಮಕ್ಕೆ ಬರಲಿಲ್ಲ.

“ನೋಡಿದ್ರಾ ಅತ್ತೆ?”

ಅಜ್ಜಿ ನೋಡುತ್ತಲೇ ಇದ್ದಳು. ಅವಳು ಅಳುತ್ತಾಳೆ, ಇಲ್ಲವೇ ಜಗಳಕ್ಕೆ ನಿಲ್ಲುತ್ತಾಳೆ ಎಂದು ನಾನು ಹೆದರಿ ಕಂಬದ ಹಿಂದೆ ಸರಿದೆ. ಅವಳ ದನಿ ಬಂದಾಗ ತೀರಾ ಸಣ್ಣಗಿತ್ತು.

“ಹಂಗಾರೆ ಕೂಸು ನಿಜವಾಗ್ಲೂ ಹಸಿದಿತ್ತು.”

ಅವ್ವ ಖಾಲಿ ಪಾವನ್ನು ಕೆಳಗಿಟ್ಟಳು.

“ಹಟ ಅಂದ್ಕಂಡೆ ನಾನು. ಹಸಿದಿತ್ತು. ಬೇಡ್ತು. ನಾ ಕೊಡ್ಲಿಲ್ಲ.”

ಅವಳು ನೆಲದ ಮೇಲೆ ಬಿದ್ದ ಮಂಡಕ್ಕಿಯನ್ನು ಒಂದೊಂದೇ ಆರಿಸತೊಡಗಿದಳು. ಅವ್ವ ತೂಕ ತೋರಿಸಲು ಕರೆದಿದ್ದಳು. ತೋರಿಸಿದ ಮೇಲೆ ಅವಳಿಗೂ ಏನು ಮಾಡಬೇಕೋ ತಿಳಿಯಲಿಲ್ಲ. ಅತ್ತರೂ ಕೊಡಂಗಿಲ್ಲ, ಬೇಡಿದ್ರೂ ಕೊಡಂಗಿಲ್ಲ ಎಂದು ಆಣೆ ಮಾಡಿಸಿದವಳು ತಾನು ಎಂಬುದು ಅವಳಿಗೆ ಆ ಗಳಿಗೆಯಲ್ಲೇ ಹೊಳೆದಿರಬೇಕು. ಆಮೇಲೆ ಇಬ್ಬರೂ ಆ ಬೆಳಗಿನ ಬಗ್ಗೆ ಎಂದೂ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಗಿರಣಿ ನಿಂತಾಗಲೂ ಓಣಿಗೆ ನಮ್ಮ ಮನೆಯಿಂದ ಯಾವ ಕೂಗೂ ಕೇಳುತ್ತಿರಲಿಲ್ಲ. ಜಗಳವಿಲ್ಲದ ಮನೆ ಎಷ್ಟು ಭಯಂಕರವಾಗಿರಬಹುದು ಎಂದು ನಾನು ಕಲಿತದ್ದು ಆ ವರ್ಷಗಳಲ್ಲಿ.

ಅಜ್ಜಿ ಅಡುಗೆಮನೆ ಬಿಟ್ಟಳು. ಯಾರೂ ಬಿಡು ಅನ್ನಲಿಲ್ಲ. ಅವಳ ಕೆಲಸ ಒಂದೇ ಆಯಿತು: ಬೆಳಿಗ್ಗೆ ಅಪ್ಪ ಸೂಜಿ ಚುಚ್ಚಿದ ಮೇಲೆ ಸುಮಾಳ ಪಕ್ಕದಲ್ಲಿ ನೆಲಕ್ಕೆ ಕೂತು, ಅವ್ವ ತೂಗಿ ಕೊಟ್ಟ ತಟ್ಟೆಯಿಂದ ತುತ್ತು ತುತ್ತಾಗಿ ಉಣ್ಣಿಸುವುದು. ಸುಮಾಳ ತಟ್ಟೆ ಖಾಲಿಯಾಗುವವರೆಗೆ ತಾನು ನೀರು ಸಹ ಮುಟ್ಟುತ್ತಿರಲಿಲ್ಲ. ಸುಮಾ ದೊಡ್ಡವಳಾದಳು, ನಾನು ಓದು ಮುಗಿಸಿ ಮದುವೆಯಾಗಿ ಅವ್ವನ ತವರೂರಾದ ಸೊರಬಕ್ಕೇ ಹೋದೆ. ಅಜ್ಜಿ ಬಾಗಿ ಬಾಗಿ ನೆಲಕ್ಕೆ ಹತ್ತಿರವಾದಳು. ಉಣ್ಣಿಸುವುದು ಮಾತ್ರ ಬಿಡಲಿಲ್ಲ.

ಒಂದು ಬೆಳಿಗ್ಗೆ ಅಪ್ಪ ಎಂದಿನಂತೆ ಸುಮಾಳಿಗೆ ಸೂಜಿ ಚುಚ್ಚಿ, ಅಜ್ಜಿಯನ್ನು ಎಬ್ಬಿಸಲು ಹೋದ. ಅಜ್ಜಿ ನಿದ್ದೆಯಲ್ಲೇ ಹೋಗಿದ್ದಳು. ಸುದ್ದಿ ತಿಳಿದು, ಸಿಕ್ಕ ಬಸ್ಸಿಗೆ ಹೊರಟು ನಾನು ತಲುಪುವಷ್ಟರಲ್ಲಿ ನಡುಮನೆಯಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿದ್ದರು. ಓಣಿಯವರು ನೆರೆದಿದ್ದರು, ಭಜನೆಯವರು ಬಂದಿದ್ದರು. ಅಡುಗೆಮನೆಯಿಂದ ಸ್ಟೋವಿನ ಸದ್ದು ಕೇಳಿತು. ಸೂಜಿ ಆಗಿದ್ದ ಸುಮಾಳ ಬಾಯಿಗೆ ಅಲ್ಲಿಯವರೆಗೆ ಸಕ್ಕರೆ ಹಾಕಿ ತಡೆದಿದ್ದ ಅವ್ವ, ಒಳಗೆ ತಕ್ಕಡಿಯಲ್ಲಿ ತೂಗಿದ ಅಕ್ಕಿಯನ್ನು ಬೇಯಿಸುತ್ತಿದ್ದಳು. ಅಪ್ಪನ ಸೋದರತ್ತೆ, ಕೋಲೂರಿಕೊಂಡು ಬಂದ ಹಿರಿಯಳು, ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದಳು.

“ಹೆಣ ನಡುಮನೆಯಾಗೆ ಇರುವಾಗ ಒಲೆ ಹಚ್ಚತಾರೇನವ್ವಾ? ಮಣ್ಣಾಗೋ ತನಕ ತಡೆಯಾಕೆ ಆಗಲ್ಲೇನು ನಿಮಗೆ? ಸತ್ತಾಕೆಗೆ ಇಷ್ಟೂ ಮರ್ಯಾದೆ ಬ್ಯಾಡೇನು?”

ಅವ್ವ ಅನ್ನ ಬಸಿದು, ತಟ್ಟೆಗೆ ಹಾಕಿ, ಆ ಹಿರಿಯಳನ್ನು ದಾಟಿ ನಡುಮನೆಗೆ ಬಂದಳು. ಸುಮಾಳ ಹಣೆಯಲ್ಲಿ ಆಗಲೇ ಬೆವರು ಕಾಣಿಸುತ್ತಿತ್ತು. ಅವಳು ದಿನಾ ಕೂರುವ ಜಾಗದಲ್ಲೇ, ಅಜ್ಜಿಯ ಪಕ್ಕದಲ್ಲಿ ಕೂತಿದ್ದಳು. ಅವ್ವ ಅವಳ ಮುಂದೆ ನೆಲಕ್ಕೆ ಕೂತು ತುತ್ತು ಕಲೆಸಿ ಹಿಡಿದಳು. ಸುಮಾ ಬಾಯಿ ತೆರೆಯಲಿಲ್ಲ. ಕುತ್ತಿಗೆ ತಿರುಗಿಸಿ ಅಜ್ಜಿಯನ್ನೇ ನೋಡುತ್ತಿದ್ದಳು, ಆ ಕೈ ಏಕೆ ಏಳುತ್ತಿಲ್ಲ ಎಂಬಂತೆ. ಭಜನೆಯ ತಾಳ ನಿಂತಿತು. ಕೂಡಿದ್ದವರೆಲ್ಲ ನೋಡುತ್ತಿದ್ದರು.

“ಉಣ್ಣು ನನ್ನವ್ವಾ,” ಅಂದಳು ಅವ್ವ. ಸೊರಬದ ದನಿಯಲ್ಲಲ್ಲ. ಅಜ್ಜಿ ಕರೆಯುತ್ತಿದ್ದ ರೀತಿಯಲ್ಲಿ.

ಸುಮಾ ಬಾಯಿ ತೆರೆದಳು. ಒಂದು ತುತ್ತು ಹೋಯಿತು, ಇನ್ನೊಂದು ಹೋಯಿತು. ಹಿರಿಯಳು ಮತ್ತೇನೋ ಹೇಳಲು ಹತ್ತಿರ ಬಂದಾಗ ಅವ್ವ ತಲೆ ಎತ್ತದೆ ಹೇಳಿದಳು.

“ಈ ಕೂಸು ಉಣ್ಣದೆ ಅತ್ತೆ ಎದ್ದು ಹೋದ ದಿನ ಇಲ್ಲಮ್ಮ. ಇವತ್ತೂ ಹೋಗಲ್ಲ. ಉಂಡು ಮುಗೀಲಿ, ಆಮೇಲೆ ಎತ್ತಿರಿ.”

ಸುಮಾ ತಟ್ಟೆ ಖಾಲಿ ಮಾಡುವವರೆಗೆ ಅಜ್ಜಿಯನ್ನು ಹೊರಲು ಬಂದವರು ಅಂಗಳದಲ್ಲಿ ನಿಂತೇ ಇದ್ದರು.